ಗಾಜಿನೊಳಗಿನ ಕೆಂಪು

ಕುರ್ಚಿಗೆ ತನ್ನ ಹೆಸರಿನ ಚೀಟಿ ಅಂಟಿಸಿದ್ದನ್ನು ಕಂಡು ತಿಪ್ಪೇಶಪ್ಪನಿಗೆ ಮೊದಲು ಹಿಗ್ಗಾಯಿತು. ಆಮೇಲೆ ಅದರ ಮೇಲೆ ಕೂರುವುದು ಹೇಗೆ ಎಂಬ ಪೇಚಿಗೆ ಬಿದ್ದ. ಅಂಟಿಸಿದವರು ಯಾರೋ ಏನೋ, ಬೆನ್ನು ಒರಗುವ ಕಡೆ ಅಂಟಿಸುವುದು ಬಿಟ್ಟು ಕೂರುವ ಕಡೆಯೇ ಅಂಟಿಸಿದ್ದರು: ‘ವೀರಯೋಧ ದಿವಂಗತ ಸಣ್ಣಪ್ಪನವರ ಸುಪುತ್ರ ಶ್ರೀ ತಿಪ್ಪೇಶಪ್ಪ.’ ಕೂತರೆ ಅಪ್ಪನ ಮೇಲೇ ಕೂತಂತೆ. ಉಗುರಿನಿಂದ ಕೆರೆದು ನೋಡಿದ. ಗೋಂದು ಗಟ್ಟಿಯಾಗಿ ಹಿಡಿದಿತ್ತು, ‘ವೀರ’ ಎಂಬಷ್ಟು ಮಾತ್ರ ಕಿತ್ತು ಬಂತು. ಆ ಚೂರನ್ನು ಎಲ್ಲಿ ಬಿಸಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಸೇರಿಕೊಂಡ ಪ್ರಯಾಣಿಕನ ಹಾಗೆ ಅಂಚಿಗೆ ಅರ್ಧ ಮಾತ್ರ ಊರಿ ಕೂತ. ಐವತ್ತೊಂಬತ್ತು ವರ್ಷದ ಮನುಷ್ಯ, ಜಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ, ಬರುವ ಮೇ ತಿಂಗಳಿಗೆ ನಿವೃತ್ತಿ. ಇಷ್ಟು ವರ್ಷದಲ್ಲಿ ಯಾವ ಕುರ್ಚಿಯ ಮೇಲೂ ಅವನ ಹೆಸರು ಬಂದಿರಲಿಲ್ಲ. ಬಂದ ದಿನ ಹೀಗಾಯಿತು.

ಪಕ್ಕದ ಕುರ್ಚಿಯಲ್ಲಿ ಅವನ ತಾಯಿ ಕಾಟಮ್ಮ. ಅವಳ ಕುರ್ಚಿಗೆ ಚೀಟಿ ಇರಲಿಲ್ಲ, ಹಾಗಾಗಿ ಅವಳು ಪೂರ್ತಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಹಣೆಗೆ ವಿಭೂತಿ, ಮೈಗೆ ಮಾಸಲು ನೀಲಿ ಸೀರೆ, ಸೆರಗಿನ ತುದಿಯಲ್ಲಿ ಒಂದು ಗಂಟು. ಆ ಗಂಟನ್ನು ತಿಪ್ಪೇಶಪ್ಪ ಬೆಳಿಗ್ಗೆ ಜಗಳೂರಿನಿಂದ ಬರುವಾಗ ಬಸ್ಸಿನಲ್ಲೇ ಕಂಡಿದ್ದ, ಎಲೆ ಅಡಿಕೆ ಇರಬೇಕೆಂದು ಬಿಟ್ಟಿದ್ದ. ಬಿಳಿಚೋಡು ದಾಟಿದ ಮೇಲೆ ಸಿಗುವ ಹಳ್ಳಿಯೊಂದರ ಹೈಸ್ಕೂಲು ಇದು. ಸುತ್ತಿನ ತಾಲೂಕುಗಳ ಮಾಜಿ ಯೋಧರ ಸಂಘದವರು ಇಲ್ಲಿನ ಒಂದು ಕೋಣೆಗೆ ಸುಣ್ಣ ಹೊಡೆಸಿ, ಗಾಜಿನ ಬೀರು ಇಡಿಸಿ, ‘ಯೋಧರ ನೆನಪಿನ ಕೋಣೆ’ ಎಂದು ಬೋರ್ಡು ಹಾಕಿಸಿದ್ದರು. ಮಿಲಿಟರಿಯಲ್ಲಿದ್ದವರ ಸಾಮಾನುಗಳನ್ನು ಮನೆಮನೆಯಿಂದ ತರಿಸಿ ಅಲ್ಲಿ ಜೋಡಿಸಿದ್ದರು. ಇವತ್ತು ಆಗಸ್ಟ್ ಹದಿನೈದು, ಶುಕ್ರವಾರ, ಅದರ ಉದ್ಘಾಟನೆ. ಧ್ವಜ ಹಾರಿಸಿಯಾಗಿತ್ತು.

“ಲೇ ತಿಪ್ಪೇಶ, ನಮ್ಮ ಗಡಿಯಾರ ಎಲ್ಲೈತೆ?” ಎಂದಳು ಕಾಟಮ್ಮ.

“ಒಳಗೈತೆ ಅವ್ವ. ಬೀರುನಾಗೆ ಇಟ್ಟಾರೆ.”

“ಮುಗಿದ ಮ್ಯಾಲೆ ಕೊಡ್ತಾರಲ್ಲ?”

“ನೋಡಾನ,” ಎಂದ ತಿಪ್ಪೇಶಪ್ಪ. ಮೂವತ್ತೈದು ವರ್ಷ ಕಚೇರಿಗೆ ಬಂದವರಿಗೆಲ್ಲ ಅವನು ಹೇಳಿದ ಮಾತು ಅದು. ಅದರ ಅರ್ಥ ಆಗುವುದಿಲ್ಲ ಎಂದು. ಬಂದವರಿಗೂ ಅದು ಗೊತ್ತಿರುತ್ತಿತ್ತು. ತಾಯಿಗೆ ಮಾತ್ರ ಗೊತ್ತಿರಲಾರದು ಎಂದು ಅವನು ನಂಬಿದ್ದ.

ಒಬ್ಬ ಟೀಚರಮ್ಮ ಬೆಳ್ಳಿ ತಟ್ಟೆ ಹಿಡಿದು ಸಾಲಿನ ಆ ತುದಿಯಿಂದ ಬರುತ್ತಿದ್ದರು. ಸನ್ಮಾನದವರ ಹಣೆಗೆ ಕುಂಕುಮ, ಕೈಗೊಂದು ಗುಲಾಬಿ. ಚನ್ನಗಿರಿಯಿಂದ ಬಂದವರಿಗೆ ಇಟ್ಟರು, ಗೋವಿನಕೋವಿಯಿಂದ ಬಂದ ಸುಬೇದಾರರ ಸೊಸೆಗೆ ಇಟ್ಟರು, ಕಾಟಮ್ಮನ ಮುಂದೆ ಬಂದರು. ಬೆರಳು ತಟ್ಟೆಯಿಂದ ಎದ್ದಿತು, ವಿಭೂತಿ ಕಂಡಿತು, ಅಲ್ಲೇ ನಿಂತಿತು. ಟೀಚರಮ್ಮ ಒಳ್ಳೆಯವರೇ ಇರಬೇಕು, ಮುಖ ಕೆಂಪಾಯಿತು. ಒಂದರ ಬದಲು ಎರಡು ಗುಲಾಬಿ ಕೊಟ್ಟರು. ಅದೇ ಬೆರಳು ಮುಂದಕ್ಕೆ ಸರಿದು ತಿಪ್ಪೇಶಪ್ಪನ ಹಣೆಯ ಮೇಲೆ ಊರಿತು. ನೀರಲ್ಲಿ ಕಲಸಿದ ಕುಂಕುಮ, ತಣ್ಣಗಿತ್ತು. ಅವ್ವನಿಗೂ ಇಡ್ರಿ ಎಂಬ ಮಾತು ಅವನ ಗಂಟಲವರೆಗೆ ಬಂದದ್ದು ನಿಜ. ಆದರೆ ಬಾಯಿಂದ ಹೊರಗೆ ಬಂದದ್ದು, “ಥ್ಯಾಂಕ್ಸ್ ಮೇಡಂ.”

ಹನ್ನೊಂದು ದಿನದ ಹಿಂದೆ, ಒಂದು ಸೋಮವಾರ, ಇದೇ ಶಾಲೆಯ ಹೆಡ್‌ಮಿಸ್ ಕೋಣೆಯಲ್ಲಿ ಅವನು ನಿಂತಿದ್ದ. ಕೂರಿ ಎಂದು ಯಾರೂ ಅಂದಿರಲಿಲ್ಲ. ಹೆಡ್‌ಮಿಸ್ ಶಾಂತಲಾ ಮೇಡಂ ಏನೋ ಬರೆಯುತ್ತಿದ್ದರು. ಅವರ ಎದುರಿಗೆ ಸಂಘದ ಅಧ್ಯಕ್ಷ ಮೈಲಾರಿ, ಮಾಜಿ ಹವಾಲ್ದಾರ. ಅವನ ಮೀಸೆ ಇನ್ನೂ ಸರ್ವೀಸಿನಲ್ಲಿತ್ತು. ಮೇಜಿನ ಮೇಲೆ ಆಗಲೇ ಬಂದ ಸಾಮಾನುಗಳು: ಚನ್ನಗಿರಿಯ ಒಂದು ಮನೆಯಿಂದ ಬಂದ, ಮುತ್ತಜ್ಜ ಬರ್ಮಾ ಯುದ್ಧಕ್ಕೆ ಹೋದಾಗ ಇಟ್ಟುಕೊಂಡಿದ್ದ ಸರಪಳಿಯ ಜೇಬುಗಡಿಯಾರ, ಗೋವಿನಕೋವಿಯ ಸುಬೇದಾರರ ಅಲಾರಾಂ ಟೈಂಪೀಸು, ಇನ್ನೂ ನಡೆಯುತ್ತಿದ್ದದ್ದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಎರಡು ಪದಕ. ಇಷ್ಟರ ನಡುವೆ ತಿಪ್ಪೇಶಪ್ಪ ತನ್ನ ಕರವಸ್ತ್ರ ಬಿಚ್ಚಿ ಅಪ್ಪನ ಎಚ್‌ಎಂಟಿ ಕೈಗಡಿಯಾರ ಇಟ್ಟ. ಪಟ್ಟಿ ಇಲ್ಲ, ಅದರ ಜಾಗದಲ್ಲಿ ನೇತುಹಾಕುವ ದಾರ, ಕೀಲಿ ತಿರುಗಿಸುವ ಗುಂಡಿ ಉದುರಿ ಅಲ್ಲೊಂದು ತೂತು, ಗಾಜಿನ ತುಂಬ ಕಂದುಗೆಂಪು. ಇಟ್ಟ ಮೇಲೆ ತರಬಾರದಿತ್ತು ಅನ್ನಿಸಿತು.

“ನಿಮ್ಮ ತಂದೆ ಯಾವ ರೆಜಿಮೆಂಟ್ರಿ?” ಎಂದ ಮೈಲಾರಿ.

“ಎಎಸ್‌ಸಿ.”

“ಅದ್ರಾಗೆ?”

“ಸಪ್ಲೈ.”

“ಸಪ್ಲೈ ಅಂದ್ರೆ ಏನು, ಗಾಡಿ ಓಡಸ್ತಿದ್ರಾ?”

“ಇಲ್ಲ. ಲಂಗರ್.”

ಎಎಸ್‌ಸಿ ಅಂದರೆ ಸೈನ್ಯಕ್ಕೆ ಊಟ, ಸಾಮಾನು ಒದಗಿಸುವ ವಿಭಾಗ, ಲಂಗರ್ ಅಂದರೆ ಅದರ ಅಡುಗೆಮನೆ. ಮೈಲಾರಿ ನಕ್ಕ. ಕೆಟ್ಟ ನಗು ಅಲ್ಲ, ಆದ್ದರಿಂದಲೇ ಹೆಚ್ಚು ಚುಚ್ಚಿತು. “ಹಂಗಂದ್ರೆ ಅಡುಗೆ ಭಟ್ರು ಅನ್ರಿ. ಇರ್ಲಿ ಬಿಡ್ರಿ, ಹೊಟ್ಟೆಗೆ ಹಾಕೋರೂ ಬೇಕಲ್ಲ. ಮೂಲ್ಯಾಗೆ ಎಲ್ಲಾದ್ರೂ ಇಡಾನ. ಆದ್ರೆ ಇದೇನ್ರಿ ಇಷ್ಟು ಗಲೀಜು? ಒರೆಸ್ಕಂಡು ಬಂದು ಕೊಡ್ರಿ.”

ತಿಪ್ಪೇಶಪ್ಪ ಗಡಿಯಾರ ವಾಪಸು ತೆಗೆದುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಶಾಂತಲಾ ಮೇಡಂ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. “ಒರೆಸಿದರೆ ಹೋಗೋದಲ್ಲ ಇದು,” ಎಂದರು. “ಗಾಜಿನ ಒಳಗಡೆ ಇದೆ.” ಅವರ ದನಿ ಇಳಿಯಿತು. “ಸರ್, ಎಪ್ಪತ್ತೊಂದರ ಯುದ್ಧದ ಟೈಮಲ್ಲಿ ನಿಮ್ಮ ತಂದೆ ಸರ್ವೀಸಲ್ಲಿದ್ರಾ?”

“ಇದ್ರು.” ಇದ್ದದ್ದು ಹೌದು. ಪಠಾಣ್‌ಕೋಟಿನಲ್ಲಿ, ದಿನಕ್ಕೆ ಎರಡು ಸಾವಿರ ರೊಟ್ಟಿ ಸುಡುವವರ ಪೈಕಿ ಒಬ್ಬ.

“ಆಗ ಇದು ಕೈಯಲ್ಲಿತ್ತಾ?”

“ಕೈಯಾಗೇ ಇತ್ತು.” ಅದೂ ಹೌದು. ಬೇಳೆ ಬೇಯುವುದನ್ನು ಅಪ್ಪ ಗಡಿಯಾರ ನೋಡಿಯೇ ಇಳಿಸುತ್ತಿದ್ದ, ಮೂಸಿ ನೋಡುವುದು ಹೆಂಗಸರ ಕೆಲಸ ಅನ್ನುತ್ತಿದ್ದ.

“ಆಮೇಲೆ ಇದನ್ನ ತೊಳೆಸಲೇ ಇಲ್ವಾ ನೀವು?”

“ಇಲ್ಲ,” ಎಂದ. ಮೂರು ಪ್ರಶ್ನೆ, ಮೂರು ಉತ್ತರ, ಮೂರೂ ಸತ್ಯ. ನ್ಯಾಯಾಲಯದಲ್ಲಿ ನಿಲ್ಲಿಸಿ ಕೇಳಿದ್ದರೂ ಅವನನ್ನು ಹಿಡಿಯಲು ಆಗುತ್ತಿರಲಿಲ್ಲ. ಸುಬೇದಾರರ ಟೈಂಪೀಸು ಮಾತ್ರ ಟಿಕಟಿಕ ಅನ್ನುತ್ತಿತ್ತು. ಆಗ ಮೈಲಾರಿ ಎದ್ದು ನಿಂತ. ಆ ಗಡಿಯಾರಕ್ಕೆ ಸೆಲ್ಯೂಟ್ ಹೊಡೆದ. ಸುಳ್ಳಿನ ಸೆಲ್ಯೂಟಲ್ಲ, ಹದಿನೆಂಟು ವರ್ಷದ ಸರ್ವೀಸು ಅವನ ಮೊಣಕೈಯಲ್ಲಿ ಕಾಣುತ್ತಿತ್ತು. “ತಪ್ಪಾತು ತಿಪ್ಪೇಶಪ್ನೋರೆ. ತಿಳೀದೆ ಅಂದೆ. ಮೇಡಂ, ಇದನ್ನ ಯಾರೂ ಒರೆಸಬಾರದು, ಹೇಳಿಬಿಡ್ರಿ. ಕೂತ್ಕಳ್ರಿ ನೀವು, ಯಾಕೆ ನಿಂತೀರಿ.” ಚಹಾ ಬಂತು, ಜೊತೆಗೆ ಬಿಸ್ಕತ್ತು. ಅದು ಗಲೀಜಲ್ಲ, ರಕ್ತವೂ ಅಲ್ಲ ಎನ್ನುವುದಕ್ಕೆ ಆ ಚಹಾ ಆರುವವರೆಗೂ ಸಮಯ ಇತ್ತು. ತಿಪ್ಪೇಶಪ್ಪ ಬಿಸಿಯಿದ್ದಾಗಲೇ ಕುಡಿದ. ಆಮೇಲೆ ಒಂದು ಹಾಳೆಗೆ ರುಜು ಹಾಕಿದ, ಅದರಲ್ಲಿ ‘ಶಾಶ್ವತವಾಗಿ’ ಎಂಬ ಪದ ಇತ್ತು. ಕಾಗದ ಓದದೆ ರುಜು ಹಾಕುವ ಮನುಷ್ಯ ಅವನಲ್ಲ. ಓದಿಯೇ ಹಾಕಿದ.

ಮನೆಯಲ್ಲಿ ಅವ್ವನ ಹತ್ತಿರ ಗಡಿಯಾರ ಕೇಳುವಾಗ ತೋರಿಸಿ ತರ್ತೀನಿ ಎಂದಿದ್ದ. ಅವಳು ಮೊಳೆಯಿಂದ ಅದನ್ನು ಇಳಿಸಿ ಕೊಡಲು ಬಹಳ ಹೊತ್ತು ಮಾಡಿದ್ದಳು. “ಶುಕ್ರವಾರದೊಳಗೆ ತಂದುಬಿಡು,” ಎಂದಿದ್ದಳು.

ಸೊಕ್ಕೆಯ ಮನೆಯಲ್ಲಿ ಅಪ್ಪ ಸಣ್ಣಪ್ಪ ಪಿಂಚಣಿ ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ಹೋಗುವವರಿಗೆಲ್ಲ ಟೈಮು ಹೇಳುತ್ತಿದ್ದ, ಕೇಳದಿದ್ದವರಿಗೂ ಹೇಳುತ್ತಿದ್ದ. ಊರಿನವರಿಗೆ ಅವನು ಮಿಲ್ಟ್ರಿ ಸಣ್ಣಪ್ಪ. ಯಾವ ಕೆಲಸದಲ್ಲಿದ್ದೆ ಎಂದು ಊರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಹಾನವಮಿಯಲ್ಲಿ ಆಯುಧ ಪೂಜೆಗೆ ಬೇರೆಯವರು ಕುಡುಗೋಲು, ಕುಂಟೆ, ಸೈಕಲ್ಲು ತೊಳೆದು ಸಾಲಾಗಿ ಇಟ್ಟರೆ, ಇವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪೂಜೆ. ಮಣೆಯ ಮೇಲೆ ಮಾರುದ್ದದ ಹಿತ್ತಾಳೆ ಸೌಟು, ಅದರ ಪಕ್ಕ ಗಡಿಯಾರ. ಎರಡಕ್ಕೂ ಅವ್ವ ಅರಿಶಿನ ಕುಂಕುಮ ಇಡುತ್ತಿದ್ದಳು. ಪೂಜೆ ಮುಗಿದ ತಕ್ಷಣ ಅಪ್ಪ ಸೌಟನ್ನು ಚೀಲಕ್ಕೆ ತುರುಕಿ, ಗಡಿಯಾರ ಕಟ್ಟಿಕೊಂಡು, ಬಾಗಿಲು ತೆರೆದು ಕಟ್ಟೆಗೆ ಬರುತ್ತಿದ್ದ. ಎಂಬತ್ತಾರರ ಕಾರಹುಣ್ಣಿಮೆ ಕಳೆದ ವಾರ ಅವನು ಕಾಮಾಲೆಯಾಗಿ ಹಳದಿ ಕಣ್ಣು ಬಿಟ್ಟುಕೊಂಡು ಸತ್ತ. ರಕ್ತದ ಹನಿಯೂ ಬೀಳಲಿಲ್ಲ. ಸೌಟನ್ನು ಯಾರೋ ಮದುವೆ ಮನೆಗೆಂದು ಇಸಕೊಂಡು ಹೋದವರು ತರಲಿಲ್ಲ. ಗಡಿಯಾರ ಉಳಿಯಿತು.

ಅದೇ ವರ್ಷದ ಮಹಾನವಮಿಗೆ ಅವ್ವ ಮಣೆ ಹಾಕಿ ಗಡಿಯಾರ ಇಟ್ಟಳು. ಭರಣಿಯ ಮುಚ್ಚಳ ತೆಗೆದು ಕೊಬ್ಬರಿ ಎಣ್ಣೆಯ ಒಂದು ಹನಿಯಲ್ಲಿ ಬೆರಳದ್ದಿ, ಕುಂಕುಮ ಅದ್ದಿ, ಗಾಜಿನ ಮೇಲೆ ಇಟ್ಟಳು. ಅಪ್ಪನ ಅಕ್ಕ ಓಬವ್ವ ಬಾಗಿಲಲ್ಲೇ ನಿಂತು ನೋಡಿದಳು. “ಏನೇ ಕಾಟಿ, ಗಂಡ ಹೋಗಿ ನಾಕು ತಿಂಗಳಾಗಿಲ್ಲ, ಕುಂಕುಮದ ಭರಣಿಗೆ ಕೈ ಹಾಕ್ತೀಯಾ?” ಅವ್ವ ತಲೆ ಎತ್ತಲಿಲ್ಲ. “ನಾನೆಲ್ಲಿ ಇಟ್ಕಂಡೀನಿ? ಮಿಲ್ಟ್ರಿಯೋರ ಸಾಮಾನು, ಆಯುಧ. ಆಯುಧಕ್ಕೆ ಇಟ್ಟೀನಿ.” ಓಬವ್ವ ಬಂದವಳೇ ತನ್ನ ಸೆರಗಿನಿಂದ ಗಾಜನ್ನು ಒರೆಸಿದಳು. ಅವ್ವ ಮತ್ತೆ ಬೆರಳದ್ದಿ ಇಟ್ಟಳು. ಓಬವ್ವ ಮತ್ತೆ ಒರೆಸಿದಳು. ಅವ್ವ ಮತ್ತೆ ಇಟ್ಟಳು. ಮೂರನೇ ಸಲ ಓಬವ್ವ ಇಪ್ಪತ್ತು ವರ್ಷದ ತಿಪ್ಪೇಶಪ್ಪನ ಕಡೆ ತಿರುಗಿ, “ಓದ್ದೋನು ನೀನಾದ್ರೂ ಹೇಳೋ ನಿಮ್ಮವ್ವಂಗೆ,” ಎಂದಳು. ಓದಿದವನು ಹೌದು. ಆ ತಿಂಗಳೇ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಿಧವೆಯರ ಬವಣೆಯ ಬಗ್ಗೆ ಆರು ನಿಮಿಷ ಗುಡುಗಿ ಎರಡನೇ ಬಹುಮಾನ ತಂದಿದ್ದ. ಬಹುಮಾನವಾಗಿ ಬಂದ ಸ್ಟೀಲಿನ ಟಿಫಿನ್ ಡಬ್ಬಿಯನ್ನು ಇವತ್ತಿಗೂ ಆಫೀಸಿಗೆ ಒಯ್ಯುತ್ತಾನೆ. ಅವನು ಹೇಳಿದ್ದು ಇಷ್ಟೇ: “ಬಿಡವ್ವ, ಯಾಕೆ ಸುಮ್ನೆ.” ಅವ್ವ ಅವನನ್ನು ಒಮ್ಮೆ ನೋಡಿದಳು. ಗಡಿಯಾರ ಎತ್ತಿಕೊಂಡು ಒಳಗೆ ಹೋಗಿ ಅಡುಗೆಮನೆಯ ಗೋಡೆಯ ಮೊಳೆಗೆ ನೇತುಹಾಕಿದಳು. ಮುಂದಿನ ಶುಕ್ರವಾರ ಆಯುಧ ಪೂಜೆ ಇರಲಿಲ್ಲ. ಆದರೂ ಕುಂಕುಮ ಇಟ್ಟಳು.

ಆಮೇಲೆ ಅದು ನಿಲ್ಲಲಿಲ್ಲ. ಮೊದಲು ಶುಕ್ರವಾರಕ್ಕೊಮ್ಮೆ, ಆಮೇಲೆ ಮಂಗಳವಾರವೂ, ಆಮೇಲೆ ದಿನಾ ಸ್ನಾನ ಮಾಡಿದ ಮೇಲೆ. ಮನೆ ಜಗಳೂರಿಗೆ ಬಂದಾಗ ಗಡಿಯಾರವೂ ಅಲ್ಲಿನ ಅಡುಗೆಮನೆಯ ಮೊಳೆಗೆ ಬಂತು. ಬೇರೆ ಹೆಂಗಸರು ಕನ್ನಡಿಯ ಮುಂದೆ ನಿಂತು ಮಾಡುವ ಕೆಲಸವನ್ನು ಅವಳು ಆ ಮೊಳೆಯ ಮುಂದೆ ನಿಂತು ಮಾಡುತ್ತಿದ್ದಳು. ಗಡಿಯಾರ ತೊಂಬತ್ತರ ದಶಕದಲ್ಲಿ ಯಾವಾಗಲೋ ನಿಂತಿತು. ಗುಂಡಿ ಉದುರಿತು, ಗಾಜಿನ ಸುತ್ತಿನ ಬಳೆ ಸಡಿಲವಾಯಿತು. ಎಣ್ಣೆಯಲ್ಲಿ ನೆನೆದ ಕುಂಕುಮ ಅಂಚಿನಿಂದ ಒಳಗಿಳಿಯಿತು. ನಾಲ್ಕರಿಂದ ಎಂಟರವರೆಗೆ ಅಂಕಿಗಳು ಮುಚ್ಚಿಹೋದವು. ಮೂವತ್ತೊಂಬತ್ತು ವರ್ಷದ ಕೆಂಪು ಒಳಗೆ ಪದರ ಪದರವಾಗಿ ಕಪ್ಪಾಗಿ ಕೂತಿತು. ಕುಂಕುಮ ಯಾವ ಅಂಗಡಿಯದು ಎಂದು ಬೇಕಾದರೂ ತಿಪ್ಪೇಶಪ್ಪ ಹೇಳಬಲ್ಲ, ತಾನೇ ತಂದುಕೊಡುತ್ತಿದ್ದವನು. ಹೆಂಡತಿ ದುರ್ಗಾಂಬಿಕಾಗೆ ಒಂದು ಪೊಟ್ಟಣ, ಅವ್ವನಿಗೆ ಒಂದು ಪೊಟ್ಟಣ. ಯಾಕೆ ಎರಡು ಎಂದು ಅಂಗಡಿಯವನು ಕೇಳಲಿಲ್ಲ, ಮನೆಯಲ್ಲೂ ಯಾರೂ ಕೇಳಲಿಲ್ಲ. ನಮ್ಮ ಮನೆ ಮುಂದುವರಿದ ಮನೆ ಎಂದು ಅವನು ಅದಕ್ಕೆ ಅರ್ಥ ಮಾಡಿಕೊಂಡಿದ್ದ.

ಮುಂದುವರಿದ ಮನೆಯ ಯಜಮಾನ ಒಂದು ಮಧ್ಯಾಹ್ನ ಮಾಡಿದ ಕೆಲಸವೊಂದು ಇದೆ. ಅದನ್ನು ಅವನು ನೆನೆಯುವುದಿಲ್ಲ. ಈಗ ಶಾಮಿಯಾನದ ಕೆಳಗೆ ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿದಾಗ ಅದಾಗಿಯೇ ನೆನಪಿಗೆ ಬಂತು. ಮಗಳು ಮಮತಾಳ ನಿಶ್ಚಿತಾರ್ಥ, ಬೀಗರು ನ್ಯಾಮತಿಯವರು, ಸಂಪ್ರದಾಯಸ್ಥರು ಎಂದು ಮೊದಲೇ ಹೇಳಿ ಕಳಿಸಿದ್ದರು. ಅವರ ಹೆಂಗಸರು ಅಡುಗೆಮನೆಗೆ ಬಂದೇ ಬರುತ್ತಾರೆ. ಬಂದರೆ ಮೊಳೆ ಕಾಣುತ್ತದೆ, ಗಡಿಯಾರ ಕಾಣುತ್ತದೆ, ಬೆಳಿಗ್ಗೆ ಇಟ್ಟ ಹಸಿ ಕುಂಕುಮ ಕಾಣುತ್ತದೆ, ಯಾರಿಟ್ಟಿದ್ದು ಎಂದು ಕೇಳುತ್ತಾರೆ. ಅವ್ವ ಹಿತ್ತಲಲ್ಲಿದ್ದಾಗ ತಿಪ್ಪೇಶಪ್ಪ ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಗಾಜನ್ನು ಹೊಳೆಯುವಂತೆ ತಿಕ್ಕಿದ. ಒಳಗಿನದು ಹೋಗಲಿಲ್ಲ, ಹೊರಗಿನದು ಪೂರ್ತಿ ಹೋಯಿತು. ಕೈ ಕೆಂಪಾಗಿತ್ತು, ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡ. ಬೀಗರು ಬಂದರು, ಉಂಡರು, ಹೊಗಳಿದರು. ಆರತಿ ಮಾಡಲು ಮುತ್ತೈದೆಯರನ್ನು ಕರೆದಾಗ ಅವ್ವ ತಾನಾಗಿಯೇ ಬಾಗಿಲ ಹಿಂದೆ ಸರಿದಿದ್ದಳು. ಅವನು ಕರೆಯಲಿಲ್ಲ. ಸಂಜೆ ಎಲ್ಲ ಹೋದ ಮೇಲೆ ಅವ್ವ ಮೊಳೆಯ ಮುಂದೆ ನಿಂತು ಗಾಜನ್ನು ಮೂಸಿ ನೋಡಿದಳು. ಭರಣಿ ತಂದು ಮತ್ತೆ ಇಟ್ಟಳು. ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅವನಿಗೆ ಸಮಾಧಾನವಾಗಿತ್ತು, ಥೂ.

ಕಳೆದ ಶುಕ್ರವಾರ ವರಮಹಾಲಕ್ಷ್ಮಿ. ಇವರ ಕಡೆ ಅಂಥ ಹಬ್ಬವೇ ಇರಲಿಲ್ಲ. ಓಣಿಯವರು ಮಾಡುತ್ತಾರೆಂದು ದುರ್ಗಾಂಬಿಕಾ ಹತ್ತು ವರ್ಷದಿಂದ ಶುರು ಮಾಡಿದ್ದಳು. ಕಲಶಕ್ಕೆ ಸೀರೆ ಉಡಿಸಿ, ಮುಖವಾಡ ಕಟ್ಟಿ, ಓಣಿಯ ಮುತ್ತೈದೆಯರನ್ನೆಲ್ಲ ಕರೆದಿದ್ದಳು. ಹಾಲಿನ ತುಂಬ ಹೆಂಗಸರು, ಕುಂಕುಮ, ಹೂವು, ನಗು. ಕಾಟಮ್ಮ ಅಡುಗೆಮನೆಯಲ್ಲಿದ್ದಳು. ತಿಪ್ಪೇಶಪ್ಪ ನೀರು ಕುಡಿಯಲು ಒಳಗೆ ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಬೆರಳಿನ ತುದಿಯಲ್ಲಿ ಕುಂಕುಮ ಅದ್ದಿ ಆಗಿತ್ತು. ಮೊಳೆ ಖಾಲಿ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ. ಅವನ ಹೆಜ್ಜೆ ಸಪ್ಪಳ ಕೇಳಿ, ಆ ಬೆರಳನ್ನು ಮೊಳೆಗೇ ಒತ್ತಿದಳು. “ಶುಕ್ರವಾರ ಅಂದಿದ್ದೆ,” ಎಂದಳು. “ಫಂಕ್ಷನ್ನು ಮುಂದಿನ ಶುಕ್ರವಾರ ಐತೆ ಅವ್ವ.” “ಹಂಗಾದ್ರೆ ನಾನೂ ಬರ್ತೀನಿ, ಇಸ್ಕಂಡು ಬರಾನ.” ಬೇಡ ಎನ್ನಲು ಅವನ ಹತ್ತಿರ ನೂರು ಕಾರಣ ಇದ್ದವು: ಬಸ್ಸು, ಬಿಸಿಲು, ಮಂಡಿನೋವು. ಒಂದನ್ನೂ ಹೇಳಲು ಆಗಲಿಲ್ಲ.

ಮೈಕು ಕಿರ್ರೆಂದಿತು. ಶಾಂತಲಾ ಮೇಡಂ ನೆನಪಿನ ಕೋಣೆಯ ಒಂದೊಂದು ವಸ್ತುವಿನ ಮುಂದಿಟ್ಟ ಕಾರ್ಡನ್ನು ಓದತೊಡಗಿದರು. ಒಳ್ಳೆಯ ಕಂಠ, ಬರೆದವರೂ ಅವರೇ. ಬರ್ಮಾದ ಜೇಬುಗಡಿಯಾರಕ್ಕೆ ಎರಡು ಸಾಲು, ಗೋವಿನಕೋವಿಯ ಟೈಂಪೀಸಿಗೆ ಮೂರು. “ಕೊನೆಯದಾಗಿ, ಸೊಕ್ಕೆಯ ವೀರಯೋಧ ಸಣ್ಣಪ್ಪನವರ ಕೈಗಡಿಯಾರ. ಎಪ್ಪತ್ತೊಂದರ ಸಮರದ ಮೂಕ ಸಾಕ್ಷಿ. ಇದರ ಗಾಜಿನೊಳಗೆ ಇಂದಿಗೂ ಮಾಸದೆ ಉಳಿದಿದೆ ವೀರನ ರಕ್ತ.” ಚಪ್ಪಾಳೆ. ಮೂಲೆಯಲ್ಲಿ ಎಲ್ಲಾದರೂ ಇಡೋಣ ಎಂದಿದ್ದ ಗಡಿಯಾರ ಕೊನೆಯ, ದೊಡ್ಡ ವಸ್ತುವಾಗಿತ್ತು. ಪದಕ ಕೊಟ್ಟ ಮನೆಯವರು ಕತ್ತು ತಿರುಗಿಸಿ ತಿಪ್ಪೇಶಪ್ಪನನ್ನು ನೋಡಿದರು. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಒಳಗೇ ಎಲ್ಲೋ ಹಿತವೂ ಆಯಿತು.

“ಯಾರ ರಕ್ತ ಅಂತೋ?” ಎಂದಳು ಕಾಟಮ್ಮ.

“ಅಪ್ಪಂದಂತೆ.”

“ನಿಮ್ಮಪ್ಪಂದಾ? ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ಕಂಡಿದ್ದು ಬಿಟ್ರೆ ಆತಗೆ ರಕ್ತ ಯಾವಾಗ ಬಂದಿತ್ತು?” ಅಷ್ಟು ಹೇಳಿ ಮಗನ ಮುಖ ನೋಡಿದಳು, ಮೂವತ್ತೊಂಬತ್ತು ವರ್ಷದ ಹಿಂದಿನ ಆ ಮಹಾನವಮಿಯಲ್ಲಿ ನೋಡಿದ್ದಂತೆಯೇ. ತಿಪ್ಪೇಶಪ್ಪ ಗುಲಾಬಿಯ ಎಸಳು ಕೀಳತೊಡಗಿದ. ಅಷ್ಟರಲ್ಲಿ ಮೈಲಾರಿ ಮೈಕಿನಲ್ಲಿ ಅವನ ಹೆಸರು ಕೂಗಿ ಎರಡು ಮಾತಾಡಬೇಕೆಂದ.

ಎದ್ದ. ಪ್ಯಾಂಟಿಗೆ ಅಪ್ಪನ ಹೆಸರಿನ ಗೋಂದು ಅಂಟಿ ಕುರ್ಚಿಯೂ ಒಂದು ಗೇಣು ಎದ್ದಿತು, ಬಿಡಿಸಿಕೊಂಡ. ಮೈಕಿನವರೆಗಿನ ಹದಿನೈದು ಹೆಜ್ಜೆಯಲ್ಲಿ ಅವನು ತೀರ್ಮಾನ ಮಾಡಿದ. ಹೇಳಿಬಿಡುತ್ತೇನೆ. ಹೆಚ್ಚೆಂದರೆ ಏನಾಗುತ್ತದೆ, ನಗುತ್ತಾರೆ, ಗಡಿಯಾರ ಕೈಗೆ ಕೊಟ್ಟು ಕಳಿಸುತ್ತಾರೆ, ಅವ್ವನಿಗೆ ಬೇಕಾದದ್ದೂ ಅದೇ. ಎರಡೇ ವಾಕ್ಯ. ಮೈಕು ಹಿಡಿದ. “ಅದು ರಕ್ತ ಅಲ್ಲ,” ಎಂದ. ಉಸಿರು ಸಾಲದೆ ನಿಂತ. ಮೈದಾನವೆಲ್ಲ ಕಿವಿಯಾಯಿತು. “ಅದು ಕುಂಕುಮ.”

ಚಪ್ಪಾಳೆ ಎಲ್ಲಿಂದ ಶುರುವಾಯಿತೋ, ಮೈದಾನದ ಆ ತುದಿವರೆಗೂ ಹೋಯಿತು. ಇಡೀ ದಿನದಲ್ಲಿ ಯಾವ ಭಾಷಣಕ್ಕೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಶಾಂತಲಾ ಮೇಡಂ ಕಣ್ಣೊರೆಸಿಕೊಂಡರು. ಇಂಥ ಸಾಲು ತಮಗೆ ಹೊಳೆಯಲಿಲ್ಲವಲ್ಲ ಎಂಬ ಅಸೂಯೆಯೂ ಆ ಕಣ್ಣಲ್ಲಿ ಇದ್ದಂತಿತ್ತು. ಮೈಲಾರಿ ಬಂದು ಅಪ್ಪಿಕೊಂಡ. “ಎಂಥ ಮಾತಾಡಿದ್ರಿ ತಿಪ್ಪೇಶಪ್ನೋರೆ, ಎಂಥ ಮಾತು. ಭಾರತಮಾತೆ ಹಣೆಗಿಟ್ಟ ಕುಂಕುಮ!” ಎರಡನೇ ವಾಕ್ಯ ಇನ್ನೂ ಬಾಯಲ್ಲೇ ಇತ್ತು: ನಮ್ಮವ್ವ ದಿನಾ ಇಟ್ಟಿದ್ದು. ಚಪ್ಪಾಳೆ ನಿಲ್ಲಲಿ, ಹೇಳುತ್ತೇನೆ ಎಂದು ಕಾದ. ಚಪ್ಪಾಳೆ ಬೇಗ ನಿಲ್ಲಲಿಲ್ಲ. ನಿಲ್ಲದಿರಲಿ ಎಂದು ತನಗೇ ಅನ್ನಿಸುತ್ತಿದೆಯೆಂದು ತಿಳಿಯುವ ಹೊತ್ತಿಗೆ ಅವನ ಕೈ ತಾನಾಗಿ ಮುಗಿದಿತ್ತು. ಕೈ ಮುಗಿದವನಿಂದ ಮೈಕನ್ನು ಇಸಕೊಂಡರು.

ಆಮೇಲೆ ವೀರಪತ್ನಿ ಕಾಟಮ್ಮನವರಿಗೆ ಶಾಲು. ಆಮೇಲೆ ಕುಟುಂಬದ ಫೋಟೋ, ನೆನಪಿನ ಕೋಣೆಯಲ್ಲಿ, ಬೀರುವಿನ ಮುಂದೆ. ಮೈಲಾರಿ ಬೀಗ ತೆಗೆದು ಗಾಜಿನ ಬಾಗಿಲು ಸರಿಸಿದ. ಬಿಳಿ ಬಟ್ಟೆಯ ಮೇಲೆ ಗಡಿಯಾರ, ಮುಂದೆ ಕಾರ್ಡು, ಮೇಲೊಂದು ಬಲ್ಬು. ಕಾಟಮ್ಮ ಸ್ವಲ್ಪ ಹೊತ್ತು ಹಾಗೇ ನೋಡಿದಳು. ಸೆರಗು ಮುಂದೆ ಎಳೆದುಕೊಂಡು ಹಲ್ಲಿನಿಂದ ಗಂಟು ಬಿಚ್ಚಿದಳು. ಎಲೆ ಅಡಿಕೆ ಇರಲಿಲ್ಲ, ಕಾಗದದಲ್ಲಿ ಎಣ್ಣೆಗೆ ಕಲಸಿದ ಕುಂಕುಮ ಇತ್ತು. ತಿಪ್ಪೇಶಪ್ಪ ಇಷ್ಟು ಜನರ ಮುಂದೆ ಬೇಡ ಅವ್ವ ಎನ್ನಲು ಬಾಯಿ ತೆರೆದ. ಅವಳು ಆಗಲೇ ಬೆರಳದ್ದಿ ಗಾಜಿನ ಮೇಲೆ, ಹನ್ನೆರಡರ ಕೆಳಗೆ, ದುಂಡಗೆ ಇಟ್ಟಿದ್ದಳು.

“ಅಮ್ಮಾ, ಮುಟ್ಟಬ್ಯಾಡ್ರಿ,” ಎಂದು ಮೈಲಾರಿ ಕೈ ಅಡ್ಡ ತಂದ.

“ತಡೀರಿ ಸರ್, ಚೆನ್ನಾಗಿ ಬರ್ತೈತೆ,” ಎಂದ ಫೋಟೋದವನು. “ಅಜ್ಜಿ, ಇನ್ನೊಂದು ಸಲ ಇಡ್ರಿ. ಮುಖ ಈ ಕಡೆ ಇರ್ಲಿ.”

ಅವಳು ಇನ್ನೊಂದು ಸಲ ಇಟ್ಟಳು. ಬೆಳಕು ಸಾಲಲಿಲ್ಲ ಎಂದು ಮತ್ತೊಂದು ಸಲ ಇಡಿಸಿದರು. ಹೊರಗೆ ತಟ್ಟೆ ಹಿಡಿದಿದ್ದ ಟೀಚರಮ್ಮ ಬಾಗಿಲಲ್ಲಿ ನಿಂತು ನೋಡುತ್ತ ಕಣ್ಣೀರು ಹಾಕಿದರು. ಗಾಜಿನ ಮೇಲಿನ ಕುಂಕುಮವನ್ನು ಯಾರೂ ಒರೆಸಲಿಲ್ಲ. ಮೈಲಾರಿ ಬೀಗ ಹಾಕುತ್ತ ಜವಾನನಿಗೆ ಹೇಳಿದ, “ಧೂಳು ಹೊಡೆಯುವಾಗ ಹುಷಾರು. ಇದನ್ನ ಮಾತ್ರ ಮುಟ್ಟಬ್ಯಾಡ.”

ಬಸ್ ಸ್ಟಾಪಿನ ಕಟ್ಟೆಯ ಮೇಲೆ ತಾಯಿ ಮಗ ಕೂತಿದ್ದರು. ಕಾಟಮ್ಮನ ತೊಡೆಯ ಮೇಲೆ ಶಾಲು, ಶಾಲಿನ ಮೇಲೆ ಎರಡು ಲಾಡು, ಎರಡು ಗುಲಾಬಿ. ಬಿಸಿಲು ಏರಿತ್ತು.

“ಕೊಡಲಿಲ್ಲಲ್ಲೋ,” ಎಂದಳು.

“ಕೊಡಲ್ಲ ಅವ್ವ. ನಾನೇ ಬರಕೊಟ್ಟೀನಿ. ಶಾಶ್ವತಕ್ಕೆ.” ಹೇಳಿಬಿಟ್ಟ. ಬೈಗುಳಕ್ಕೆ ಕಾದ, ಬರಲಿಲ್ಲ. ಬಾರದಿದ್ದದ್ದಕ್ಕೆ ಮತ್ತಷ್ಟು ಹೇಳಿದ. “ರಕ್ತ ಅಂತ ನಾನು ಅನ್ನಲಿಲ್ಲ. ಅವರೇ ಅಂದ್ಕಂಡ್ರು. ನಾನು ಸುಮ್ನಿದ್ದೆ.”

“ಗೊತ್ತೈತೆ ಬಿಡು. ಸುಮ್ನಿರೋದು ನಿಂಗೇನು ಹೊಸದಾ.” ಅವಳು ಲಾಡಿನ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. “ಶುಕ್ರವಾರ ಇಸ್ಕೂಲು ಎಷ್ಟೊತ್ತಿಗೆ ತೆಗೀತಾರೆ?”

ತಿಪ್ಪೇಶಪ್ಪನಿಗೆ ತಡೆಯಲು ಆಗಲಿಲ್ಲ. ಅಳು ಬಂತು, ಐವತ್ತೊಂಬತ್ತು ವರ್ಷದ ಗಂಡಸಿನ ಕೆಟ್ಟ ಅಳು. ಎದ್ದು ನಿಂತ. “ಈಗಲೇ ಹೋಗಿ ಹೇಳ್ತೀನಿ. ಅಪ್ಪಂದಲ್ಲ, ನಮ್ಮವ್ವ ಇಟ್ಟ ಕುಂಕುಮ ಅಂತ ಮೈಲಾರಿಗೂ ಹೇಳ್ತೀನಿ, ಮೇಡಮ್ಮಿಗೂ ಹೇಳ್ತೀನಿ. ಕಾರ್ಡು ಹರಿದು ಗಡಿಯಾರ ತರ್ತೀನಿ. ಕೂತಿರು.” ಈ ಸಲ ಅವನು ನಿಜವಾಗಿ ಹೊರಟಿದ್ದ, ನಾಲ್ಕು ಹೆಜ್ಜೆ ಹೋಗಿಯೂ ಇದ್ದ.

“ಬಾ ಇಲ್ಲಿ,” ಎಂದಳು ಕಾಟಮ್ಮ. ಕೈ ಹಿಡಿದು ಎಳೆದು ಕೂರಿಸಿದಳು. “ಹೇಳಬ್ಯಾಡ.”

“ಯಾಕವ್ವ?”

“ರಕ್ತ ಅಂದ್ರೆ ಯಾರೂ ಒರೆಸಲ್ಲ. ನಂದು ಅಂತ ಗೊತ್ತಾದ್ರೆ ಒರೆಸ್ತಾರೆ.” ಬಾಯಲ್ಲಿದ್ದ ಲಾಡು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡಳು. “ಮಮತನ ನಿಶ್ಚಿತಾರ್ಥದ ದಿನ ಯಾರೋ ಒರೆಸಿದ್ರಲ್ಲ, ಸೀಮೆಎಣ್ಣೆ ಹಚ್ಚಿ.”

ಯಾರೋ ಎನ್ನುವಾಗ ಅವಳು ಅವನ ಕಡೆ ನೋಡಲಿಲ್ಲ. ಬಸ್ಸು ಬರುವ ದಿಕ್ಕಿಗೆ ನೋಡುತ್ತಿದ್ದಳು.